ಆ ಲಕೋಟೆಯನ್ನು ಡ್ರಾಯರಿಗೆ ಹಾಕಬೇಡಿ

ಓದುಗರೊಬ್ಬರ ಪತ್ರ: ಜರ್ಮನಿ ಪ್ರವಾಸಕ್ಕೆ ಹೋಗಿದ್ದಾಗ ನಮ್ಮ ಯಜಮಾನರು ಬಾಡಿಗೆ ಕಾರನ್ನು ಬಲಕ್ಕೆ ತಿರುಗಿಸುವಾಗ, ಬಲಗಡೆ ಪಕ್ಕದಲ್ಲೇ ನೇರ ಹೋಗುತ್ತಿದ್ದ ಸೈಕಲ್ಲಿಗೆ ಗುದ್ದಿದರು. ಸೈಕಲ್ಲಿನಲ್ಲಿದ್ದ ಹುಡುಗಿಯ ಭುಜದ ಮೂಳೆ ಮುರಿಯಿತು. ಪೊಲೀಸರು ಹಣ ಕಟ್ಟಿಸಿಕೊಂಡು, ಒಂದು ಜರ್ಮನ್ ಹಾಳೆಗೆ ಸಹಿ ಹಾಕಿಸಿಕೊಂಡು ಬಿಟ್ಟರು. ಈಗ ಕೋರ್ಟಿನ ಕಾಗದ ಬಂದಿದೆ. 30 ದಿನ, ದಿನಕ್ಕೆ 70 ಯೂರೊ ಅಂತಿದೆ. "ಊರಿಗೆ ಬಂದಾಯಿತು, ಬಿಡು" ಅನ್ನುತ್ತಾರೆ ಇವರು. ನನಗೆ ನಿದ್ದೆ ಬರುತ್ತಿಲ್ಲ. ಅಲ್ಲಿ "ಸಾರಿ" ಅಂದದ್ದೇ ತಪ್ಪಾಯಿತಾ?

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿದ ಕೂಡಲೇ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: ಕಾಗದ ಕೈಗೆ ಬಂದು ಎಷ್ಟು ದಿನ ಆಯಿತು? ನಾಲ್ಕು ದಿನ ಅಂದಿರಿ. ನನಗೆ ಸ್ವಲ್ಪ ಉಸಿರು ಬಂತು. ಅವತ್ತು ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ನಿಧಾನವಾಗಿ ಬರೆಯುತ್ತೇನೆ. ಬೇರೆಯವರಿಗೂ ಬೇಕಾಗಬಹುದು.

ನಿಮಗೆ ಬಂದಿರುವುದು ಟ್ರಾಫಿಕ್ ಚಲನ್ ಅಲ್ಲ. ಅದರ ತಲೆಬರಹದಲ್ಲಿ 'ಸ್ಟ್ರಾಫ್‌ಬೆಫೇಲ್' ಅಂತ ಇದೆ ಅಂದಿರಲ್ಲ, ಅದು ಕ್ರಿಮಿನಲ್ ಕೋರ್ಟಿನ ದಂಡದ ಆದೇಶ. ವಿಚಾರಣೆ ನಡೆಸದೆ, ಕಡತ ಓದಿ, ನ್ಯಾಯಾಧೀಶರು ಸಹಿ ಹಾಕುತ್ತಾರೆ. ಅಜಾಗರೂಕತೆಯಿಂದ ಒಬ್ಬರಿಗೆ ಗಾಯ ಮಾಡುವುದು ಅಲ್ಲಿ ಅಪರಾಧ. ಕಾಗದ ಜಾರಿಯಾದ ಎರಡು ವಾರದೊಳಗೆ ತಕರಾರು ಸಲ್ಲಿಸದಿದ್ದರೆ ಅದು ಅಂತಿಮ ತೀರ್ಪಿಗೆ ಸಮ. ಯಾರೂ ಬಂದು ಬಾಗಿಲು ತಟ್ಟುವುದಿಲ್ಲ. ಸುಮ್ಮನೆ ಇದ್ದರೆ ಒಪ್ಪಿಕೊಂಡ ಹಾಗೆ, ಅಷ್ಟೇ. ಆಮೇಲೆ ಯಾವುದೋ ವೀಸಾ ಅರ್ಜಿಯಲ್ಲಿ "ಶಿಕ್ಷೆ ಆಗಿದೆಯೇ?" ಅಂತ ಕೇಳಿದರೆ ನಿಮ್ಮ ಯಜಮಾನರು ಏನು ಬರೆಯುತ್ತಾರೆ?

ಸಹಿ ಹಾಕಿದ ಹಾಳೆಯ ವಿಷಯಕ್ಕೆ ಬರುತ್ತೇನೆ. ನೀವು ಕಳಿಸಿದ ಫೋಟೋವನ್ನು ಜರ್ಮನ್ ಬಲ್ಲ ಗೆಳೆಯರಿಗೆ ತೋರಿಸಿದೆ. ಅದು ತಪ್ಪೊಪ್ಪಿಗೆ ಅಲ್ಲ. ಆ ದೇಶದಲ್ಲಿ ವಿಳಾಸ ಇಲ್ಲದ ಆರೋಪಿಯಿಂದ ಎರಡು ವಿಷಯ ಕೇಳಬಹುದು: ಮುಂದೆ ಬೀಳಬಹುದಾದ ದಂಡ ಮತ್ತು ಖರ್ಚಿಗೆ ಒಂದು ಠೇವಣಿ, ಮತ್ತು ಕೋರ್ಟಿನ ಕಾಗದಗಳನ್ನು ತನ್ನ ಪರವಾಗಿ ಪಡೆಯಲು ಅಲ್ಲೇ ಇರುವ ಒಬ್ಬ ವ್ಯಕ್ತಿಯ ನೇಮಕ. ನಿಮ್ಮವರು ಸಹಿ ಹಾಕಿದ್ದು ಈ ನೇಮಕಕ್ಕೆ. ಕಟ್ಟಿದ ಹಣ ಠೇವಣಿ, ದಂಡ ಅಲ್ಲ. ಹಾಗಾಗಿ "ಹಣ ಕಟ್ಟಿದೆವು, ಮುಗಿಯಿತು" ಅನ್ನುವುದು ಸರಿಯಲ್ಲ.

ಇದರಲ್ಲಿ ಒಂದು ತೊಡಕೂ ಇದೆ. ಆ ವ್ಯಕ್ತಿಯ ಕೈಗೆ ಕಾಗದ ಸೇರಿದ ದಿನದಿಂದಲೇ ಗಡುವು ಎಣಿಸಲು ಶುರು ಮಾಡಬಹುದು, ನಿಮ್ಮ ಮನೆಗೆ ಬಂದ ದಿನದಿಂದ ಅಲ್ಲ. ಅವರು ಅಂಚೆಗೆ ಹಾಕಿ, ಅದು ಸಮುದ್ರ ದಾಟಿ ಬರುವಷ್ಟರಲ್ಲಿ ಎರಡು ವಾರ ಕಳೆದಿರಬಹುದು. ಹಾಗಾಗಿದ್ದರೂ ದಾರಿ ಇದೆ. ತಡವಾದದ್ದು ನಮ್ಮ ತಪ್ಪಿನಿಂದ ಅಲ್ಲ, ಗಡುವನ್ನು ಮತ್ತೆ ಕೊಡಿ ಅಂತ ಕೇಳಬಹುದು. ಆದರೆ ಅದನ್ನು ವಿಷಯ ಗೊತ್ತಾದ ಒಂದು ವಾರದೊಳಗೆ, ತಕರಾರಿನ ಜೊತೆಗೇ ಕೇಳಬೇಕು. ಲಕೋಟೆಯನ್ನೂ ಎಸೆಯಬೇಡಿ ಅಂದದ್ದು ಇದಕ್ಕೇ. ಅದರ ಮೇಲಿನ ಅಂಚೆ ಮುದ್ರೆ, ನಿಮ್ಮ ಕೈಗೆ ಬಂದ ತಾರೀಕು, ಎರಡೂ ಸಾಕ್ಷಿ.

ತಕರಾರು ಜರ್ಮನ್ ಭಾಷೆಯಲ್ಲೇ ಇರಲಿ. ಎರಡು ಸಾಲು ಸಾಕು, ಕಾರಣ ಬರೆಯಲೇಬೇಕೆಂದಿಲ್ಲ. ಸಾದಾ ಇಮೇಲ್ ನಡೆಯುವುದಿಲ್ಲ. ಗಡುವಿನೊಳಗೆ ಅದು ಕೋರ್ಟು ತಲುಪಿರಬೇಕು, ಅಂಚೆಗೆ ಹಾಕಿದ್ದರೆ ಸಾಲದು. ಅಲ್ಲಿನ ವಕೀಲರೊಬ್ಬರನ್ನು ಹಿಡಿಯಿರಿ ಅಂತ ನಾನು ಒತ್ತಿ ಹೇಳಿದ್ದು ಇದೆಲ್ಲದರ ಸಲುವಾಗಿ. ವಕೀಲರ ಪಟ್ಟಿ ನಮ್ಮ ದೂತಾವಾಸದಲ್ಲಿ ಸಿಗುತ್ತದೆ. ಆದರೆ ದೂತಾವಾಸದವರು ನಿಮ್ಮ ಪರ ವಾದ ಮಾಡುವುದಿಲ್ಲ, ದಂಡವನ್ನೂ ಕಟ್ಟುವುದಿಲ್ಲ.

ಈಗ 30 ದಿನ, 70 ಯೂರೊ. ಅಲ್ಲಿ ದಂಡ ಹಾಕುವುದು ದಿನದ ಲೆಕ್ಕದಲ್ಲಿ. ತಪ್ಪು ಎಷ್ಟು ದೊಡ್ಡದು ಅನ್ನುವುದಕ್ಕೆ ದಿನಗಳು. ದಿನಕ್ಕೆ ಎಷ್ಟು ಅನ್ನುವುದು ಆ ಮನುಷ್ಯನ ಕೈಗೆ ಸಿಗುವ ಆದಾಯದ ಮೇಲೆ. ಆದಾಯ ಗೊತ್ತಿಲ್ಲದಿದ್ದರೆ ಕೋರ್ಟು ಅಂದಾಜು ಮಾಡುತ್ತದೆ. 2,100 ಯೂರೊ ಅನ್ನುವುದು ಈ ಅಂದಾಜಿನ ಮೇಲೆ ನಿಂತಿದೆ. ನಿಮ್ಮ ಯಜಮಾನರ ಸಂಬಳ ದಿನಕ್ಕೆ ಅಷ್ಟು ಬರುವುದಿಲ್ಲ ಅಂದಿರಿ. ಹಾಗಾದರೆ ತಕರಾರನ್ನು ಬರೀ ದಿನದ ಮೊತ್ತಕ್ಕೆ ಸೀಮಿತ ಮಾಡಬಹುದು. ಸಂಬಳದ ಚೀಟಿ ಲಗತ್ತಿಸಿ. ಎಲ್ಲರೂ ಒಪ್ಪಿದರೆ ವಿಚಾರಣೆ ಇಲ್ಲದೆ ಕೋರ್ಟು ತೀರ್ಮಾನಿಸುತ್ತದೆ. ಆಗ ದಂಡ ಮೊದಲಿಗಿಂತ ಜಾಸ್ತಿ ಮಾಡುವಂತಿಲ್ಲ.

ಪೂರ್ತಿ ತಕರಾರು ಹಾಕಿ ವಿಚಾರಣೆಗೆ ಹೋದರೆ ಜಾಸ್ತಿಯೂ ಆಗಬಹುದು. ನನಗೆ ಅನಿಸುವುದನ್ನು ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಬಲಕ್ಕೆ ತಿರುಗುವ ವಾಹನ, ಪಕ್ಕದಲ್ಲಿ ನೇರ ಹೋಗುವ ಸೈಕಲ್ಲಿಗೆ ದಾರಿ ಬಿಡಬೇಕು ಅಂತ ಅಲ್ಲಿನ ನಿಯಮ ಸ್ಪಷ್ಟವಾಗಿದೆ. ನೀವು ಬರೆದ ಹಾಗೇ ನಡೆದಿದ್ದರೆ ತಪ್ಪು ನಿಮ್ಮವರದು. ಮೊತ್ತದ ಬಗ್ಗೆ ಮಾತ್ರ ಕೇಳುವುದು ಮೇಲು. ಕಡತ ನೋಡಿದ ವಕೀಲರು ಬೇರೆ ಹೇಳಿದರೆ ಅವರ ಮಾತು ಕೇಳಿ. ವಿಚಾರಣೆಯೇ ನಡೆದರೂ ಅಧಿಕಾರಪತ್ರ ಇರುವ ವಕೀಲರು ಇವರ ಪರವಾಗಿ ನಿಲ್ಲಬಹುದು.

"ಸಾರಿ" ಬಗ್ಗೆ. ಹುಡುಗಿ ರಸ್ತೆಯಲ್ಲಿ ಬಿದ್ದಿದ್ದಳು, ಸೈಕಲ್ಲಿನ ಹಿಂದಿನ ಚಕ್ರ ಇನ್ನೂ ತಿರುಗುತ್ತಿತ್ತು, ಇವರು ಮಂಡಿಯೂರಿ ಆಕೆಯ ತಲೆ ಕೆಳಗೆ ತಮ್ಮ ಜಾಕೆಟ್ ಇಟ್ಟರು ಅಂತ ಬರೆದಿದ್ದೀರಿ. ಅಂಥ ಹೊತ್ತಲ್ಲಿ ಬಾಯಲ್ಲಿ ಬೇರೇನು ಬರುತ್ತದೆ? ಅದಕ್ಕಾಗಿ ಕೊರಗಬೇಡಿ. ಪೊಲೀಸರ ಮುಂದೆ ಹೇಳಿಕೆ ಕೊಡುವುದು ಬೇರೆ ಮಾತು. ಅಲ್ಲಿ ಸುಮ್ಮನಿರುವ ಹಕ್ಕಿದೆ, ಉಚಿತವಾಗಿ ದುಭಾಷಿ ಕೇಳುವ ಹಕ್ಕಿದೆ. ನಿಮ್ಮವರು ಮಾಡಿದ ಅತ್ಯಂತ ಸರಿಯಾದ ಕೆಲಸ ಅಲ್ಲೇ ನಿಂತದ್ದು. ಅಪಘಾತದ ಜಾಗ ಬಿಟ್ಟು ಹೋಗುವುದು ಜರ್ಮನಿಯಲ್ಲಿ ಬೇರೆಯದೇ ಅಪರಾಧ, ಮೂರು ವರ್ಷದವರೆಗೆ ಜೈಲು.

ಎಲ್ಲ ದೇಶವೂ ಹೀಗೆ ಮನೆಗೆ ಕಳಿಸಿ ಕಾಗದ ಬರೆಯುವುದಿಲ್ಲ. ಜಪಾನಿನಲ್ಲಿ ಬಂಧಿಸಿದರೆ ಆರೋಪ ಹೊರಿಸುವ ಮೊದಲೇ 23 ದಿನದವರೆಗೆ ಇಟ್ಟುಕೊಳ್ಳಬಹುದು. ಅಂಥ ಕಡೆ ನೆನಪಿಡಬೇಕಾದ್ದು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ. ಬಂಧಿಸಿದವರನ್ನು ನೀವು ಕೇಳಿಕೊಂಡರೆ ನಿಮ್ಮ ದೂತಾವಾಸಕ್ಕೆ ತಡಮಾಡದೆ ತಿಳಿಸಲೇಬೇಕು. ಬಾಯಿಬಿಟ್ಟು ಕೇಳಬೇಕು, ಅಷ್ಟೇ.

ಕೊನೆಗೆ ಆ ಹುಡುಗಿಯ ಆಸ್ಪತ್ರೆ ಖರ್ಚು, ಪರಿಹಾರ. ಅದು ಈ ಕ್ರಿಮಿನಲ್ ಕಾಗದದಿಂದ ಬೇರೆ, ಬಾಡಿಗೆ ಕಾರಿನ ವಿಮಾ ಕಂಪನಿಯನ್ನೇ ಆಕೆ ನೇರ ಕೇಳಬಹುದು. ನಿಮ್ಮ ಕಡೆಯಿಂದ ಇನ್ನೂ ತಿಳಿಸದಿದ್ದರೆ ಬಾಡಿಗೆ ಕಂಪನಿಗೆ ಇವತ್ತೇ ತಿಳಿಸಿ. ಆಕೆಗೆ ಒಂದು ಪತ್ರ ಬರೆಯಬೇಕು ಅನಿಸುತ್ತಿದೆ ಅಂದಿರಲ್ಲ, ಖಂಡಿತ ಬರೆಯಿರಿ. ಕಳಿಸುವ ಮುಂಚೆ ವಕೀಲರಿಗೆ ಒಮ್ಮೆ ತೋರಿಸಿ, ಅವರ ಕೈಯಿಂದಲೇ ತಲುಪಿಸಿ. ಭುಜ ಹೇಗಿದೆ ಅಂತ ಕೇಳಿ.