‘ಒಂದು ಹನಿ ರಕ್ತ’ ಲೇಖನ ಕಳಿಸಿದವರಿಗೆ

ನಮಸ್ಕಾರ.

ಉಡುಪಿಯಿಂದ ನೀವು ಕಳಿಸಿದ ‘ಒಂದು ಹನಿ ರಕ್ತದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪತ್ತೆ’ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲಾರೆ. ಭಾಷೆ ಚೆನ್ನಾಗಿದೆ, ತಕರಾರು ಅದರದ್ದಲ್ಲ. ಎನ್‌ಎಸ್‌ಇ ಎಂಬ ಕಿಣ್ವ ಹೆಚ್ಚಿದ್ದರೆ ಕಾಯಿಲೆ ಆರಂಭದಲ್ಲೇ ಸಿಕ್ಕಿಬೀಳುತ್ತದೆ, ಎಲ್ಲರೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಬರೆದಿದ್ದೀರಿ. ಇದನ್ನು ನಂಬಿ, ಬೀಡಿ ಕಟ್ಟಿದ ಮಜೂರಿಯಲ್ಲಿ ಉಳಿಸಿದ ದುಡ್ಡು ಹಿಡಿದು ಲ್ಯಾಬಿಗೆ ಹೋಗುವ ತಾಯಂದಿರು ನಮ್ಮ ಓದುಗರಲ್ಲಿದ್ದಾರೆ.

ಎನ್‌ಎಸ್‌ಇ ಮುಖ್ಯವಾಗಿ ಏರುವುದು ಶ್ವಾಸಕೋಶದ ‘ಸ್ಮಾಲ್ ಸೆಲ್’ ಬಗೆಯ ಕ್ಯಾನ್ಸರಿನಲ್ಲಿ. ಚಿಕಿತ್ಸೆ ಹೇಗೆ ಸಾಗಿದೆ ಎಂದು ನೋಡಲು ವೈದ್ಯರಿಗೆ ಅದು ನೆರವಾಗುತ್ತದೆ. ಗಡ್ಡೆ ಚಿಕ್ಕದಿದ್ದಾಗ ಎಷ್ಟೋ ಸಲ ಅದು ಮಾಮೂಲಿ ಮಟ್ಟದಲ್ಲೇ ಇರುತ್ತದೆ. ನೀವು ಹೆಸರಿಸಿದ ಇನ್ನೊಂದು ಕಿಣ್ವ ಎಲ್‌ಡಿಎಚ್ ಅಂತೂ ಯಕೃತ್ತು ಕೆಟ್ಟರೂ ಏರುತ್ತದೆ, ಸ್ನಾಯುವಿಗೆ ಪೆಟ್ಟಾದರೂ ಏರುತ್ತದೆ.

ನಿಮ್ಮ ಲೇಖನದ ಜೀವ ಇರುವುದು ಮೂರನೇ ಪುಟದಲ್ಲಿ, ನೀವು ದಾಟಿಸಿಬಿಟ್ಟ ಒಂದು ಸಾಲಿನಲ್ಲಿ: ‘ಸೀರಮ್ ಕೆಂಪಾಗಿದ್ದರೆ ಮತ್ತೆ ರಕ್ತ ತೆಗೆಯುತ್ತೇವೆ.’ ಯಾಕೆ ಎಂದು ಬರೆಯಿರಿ! ಸೀರಮ್ ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ. ಎನ್‌ಎಸ್‌ಇ ಕೆಂಪು ರಕ್ತಕಣಗಳ ಒಳಗೂ ಇದೆ. ಕುಂದಾಪುರದಲ್ಲಿ ತೆಗೆದ ರಕ್ತ, ಸೀರಮ್ ಬೇರ್ಪಡಿಸದೆ ಬಸ್ಸಿನಲ್ಲಿ ಕುಲುಕಿ, ಸೆಕೆಯಲ್ಲಿ ಕೂತು ಮಂಗಳೂರು ಸೇರುವಷ್ಟರಲ್ಲಿ ಕಣಗಳು ಒಡೆದರೆ, ತಿಳಿಹಳದಿ ಇರಬೇಕಾದ ಸೀರಮ್ ಕೆಂಪಡರುತ್ತದೆ, ಅಂಕಿ ಮೇಲೇರುತ್ತದೆ. ಕ್ಯಾನ್ಸರೇ ಇಲ್ಲದವರ ರಿಪೋರ್ಟಿನಲ್ಲೂ ಹಾಗಾಗಬಹುದು. ಲ್ಯಾಬಿನಲ್ಲಿ ರಕ್ತದ ಟ್ಯೂಬನ್ನು ದಿನವೂ ಬೆಳಕಿಗೆ ಹಿಡಿದು ನೋಡುವವರು ನೀವು. ಇದನ್ನು ನಿಮ್ಮಷ್ಟು ಚೆನ್ನಾಗಿ ಬರೆಯಬಲ್ಲವರು ನನಗೆ ಸಿಗಲಾರರು.

ಲೆಕ್ಕವನ್ನೂ ಕೊಡಿ. ಕಾಯಿಲೆ ಇರುವ ಹತ್ತರಲ್ಲಿ ಒಂಬತ್ತು ಮಂದಿಯನ್ನು ಹಿಡಿಯುವ, ಇಲ್ಲದ ಹತ್ತರಲ್ಲಿ ಒಬ್ಬರನ್ನು ತಪ್ಪಾಗಿ ತೋರಿಸುವ ಪರೀಕ್ಷೆ ಇದೆ ಎಂದುಕೊಳ್ಳಿ. 1000 ಮಂದಿಯಲ್ಲಿ ಐವರಿಗೆ ಕಾಯಿಲೆ ಇದ್ದರೆ ನಾಲ್ಕೈದು ಮಂದಿ ಸಿಗುತ್ತಾರೆ, ಸುಮಾರು ನೂರು ಮಂದಿ ಸುಮ್ಮನೆ ಹೆದರಿ ಸ್ಕ್ಯಾನು, ಬಯಾಪ್ಸಿ ಎಂದು ಅಲೆಯುತ್ತಾರೆ.

ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನಿನ ಮಾತೇ ನಿಮ್ಮಲ್ಲಿಲ್ಲ. ಅಮೆರಿಕದಲ್ಲಿ 53,000ಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಅಧ್ಯಯನದ ಫಲಿತಾಂಶ 2011ರಲ್ಲಿ ಬಂತು. ಎಲ್ಲರೂ ವಿಪರೀತ ಧೂಮಪಾನ ಮಾಡುತ್ತಿದ್ದವರು ಅಥವಾ ಮಾಡಿ ಬಿಟ್ಟವರು. ಎಕ್ಸ್‌ರೇ ಗುಂಪಿಗಿಂತ ಸಿ.ಟಿ. ಗುಂಪಿನಲ್ಲಿ ಶ್ವಾಸಕೋಶ ಕ್ಯಾನ್ಸರಿನ ಸಾವು 20% ಕಡಿಮೆ. ಅಲ್ಲಿಯೂ ಸ್ಕ್ಯಾನಿನಲ್ಲಿ ಕಂಡ ಕಲೆಗಳಲ್ಲಿ ಬಹುಪಾಲು ಕ್ಯಾನ್ಸರ್ ಆಗಿರಲಿಲ್ಲ. ನಮ್ಮಲ್ಲಿ ಹಳೆ ಕ್ಷಯದ ಗಾಯದ ಗುರುತುಗಳೂ ಸೇರಿಕೊಳ್ಳುತ್ತವೆ.

ಪ್ರೋಟೀನನ್ನು ಕತ್ತರಿಸುವ ಪ್ರೋಟಿಯೇಸ್ ಕಿಣ್ವಗಳ ಭಾಗ ಇರಲಿ. ಗಡ್ಡೆ ಸುತ್ತಲಿನ ಅಂಗಾಂಶವನ್ನು ಕರಗಿಸಿ ಹರಡಲು ಅವನ್ನು ಬಳಸಿಕೊಳ್ಳುತ್ತದೆ ಎಂಬ ವಿವರಣೆ ಸ್ಪಷ್ಟವಾಗಿದೆ. ಅವುಗಳಿಂದ ಕ್ಯಾನ್ಸರ್ ಪತ್ತೆ ಮಾಡುವುದು ಇನ್ನೂ ಸಂಶೋಧನೆಯ ಹಂತದಲ್ಲಿದೆ ಎಂಬ ಮಾತು ಸೇರಿಸಿ. ‘ಕ್ರಾಂತಿ’, ‘ಪವಾಡ’ ಎರಡನ್ನೂ ತೆಗೆಯಿರಿ.

ಕೊನೆಗೊಂದು ಪ್ಯಾರಾ ಬೇಕೇಬೇಕು: ಮೂರು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಲ್ಯಾಬಿನ ಪ್ಯಾಕೇಜು ಹುಡುಕದೆ ಮೊದಲು ವೈದ್ಯರನ್ನು ಕಾಣಬೇಕು. ಮಂಗಳೂರಿನವರಿಗೆ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಇದೆ, ನಿಮ್ಮೂರಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಹೀಗೆ ತಿದ್ದಿ ಬರೆದು ಒಬ್ಬ ಶ್ವಾಸಕೋಶ ತಜ್ಞರಿಗೆ ತೋರಿಸಿ, ನನಗೇ ನೇರವಾಗಿ ಕಳಿಸಿ. ಪುಟ ಕಾದಿರಿಸುತ್ತೇನೆ.

— ಸಂಪಾದಕ