ಒಂದು ಪುಟ ಬದಲಾದರೆ ಇಡೀ ವೆಬ್‌ಸೈಟ್ ಕಳಿಸಬೇಕೇ?

ಪ್ರಶ್ನೆ: ನಾನು ಒಂದು ಸಣ್ಣ ಸಂಘದ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಅರವತ್ತು ಪುಟಗಳಿವೆ, ಫೋಟೋಗಳಂತೂ ಬೇಕಾದಷ್ಟು. ಎಲ್ಲವೂ ನನ್ನ ಕಂಪ್ಯೂಟರಿನ ಒಂದೇ ಫೋಲ್ಡರಿನಲ್ಲಿವೆ. ಒಂದು ಫೋನ್ ನಂಬರ್ ಬದಲಾದರೂ ಫೋಲ್ಡರ್ ಪೂರ್ತಿ ಅಪ್‌ಲೋಡ್ ಮಾಡುತ್ತೇನೆ. ನನಗೆ ಹೇಳಿಕೊಟ್ಟವರು ಹಾಗೇ ಮಾಡುತ್ತಿದ್ದರು. ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಇಂಟರ್ನೆಟ್ ಹೋದರೆ ಮತ್ತೆ ಮೊದಲಿನಿಂದ. ಬದಲಾದ ಪುಟವನ್ನಷ್ಟೇ ಕಳಿಸಿದರೆ ಬೇರೆ ಪುಟಗಳ ಲಿಂಕ್ ಕೆಡುವುದಿಲ್ಲವೇ?

ಉತ್ತರ: ಕೆಡುವುದಿಲ್ಲ. ಧೈರ್ಯವಾಗಿ ಆ ಒಂದು ಪುಟವನ್ನೇ ಕಳಿಸಿ. ನಿಮ್ಮಂತೆ ಇಡೀ ಫೋಲ್ಡರ್ ಹೊತ್ತು ಹಾಕುವವರು ಬಹಳ ಮಂದಿ ಇದ್ದಾರೆ. ಅವರ ಸಮಯ ಸುಮ್ನೆ ಹಾಳಾಗುವುದು ನೋಡಿ ನನಗೆ ನಿಜಕ್ಕೂ ಬೇಸರವಾಗುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಿಮ್ಮ ಅರವತ್ತು ಪುಟಗಳು ಸರ್ವರ್‌ಗೆ, ಅಂದರೆ ವೆಬ್‌ಸೈಟನ್ನು ಜನರಿಗೆ ತೋರಿಸುವ ದೂರದ ಕಂಪ್ಯೂಟರಿಗೆ, ಅರವತ್ತು ಬೇರೆ ಬೇರೆ ಫೈಲುಗಳು, ಅಷ್ಟೇ. ಯಾರಾದರೂ ಒಂದು ವಿಳಾಸ ಕೇಳಿದಾಗ ಆ ಹೆಸರಿನ ಫೈಲನ್ನು ತೆಗೆದು ಕೊಡುತ್ತದೆ. ಲಿಂಕ್ ಅಂದರೆ ಪುಟದಲ್ಲಿ ಬರೆದಿಟ್ಟ ಇನ್ನೊಂದು ಫೈಲಿನ ಹೆಸರು ಮತ್ತು ದಾರಿ. ಹೊಸ ಫೈಲು ಅದೇ ಹೆಸರಿನಲ್ಲಿ, ಅದೇ ಫೋಲ್ಡರಿನಲ್ಲಿ ಹೋಗಿ ಕೂತರೆ ಎಲ್ಲಾ ಲಿಂಕುಗಳೂ ಮೊದಲಿನಂತೆ ಕೆಲಸ ಮಾಡುತ್ತವೆ. ಹೆಸರು ಮಾತ್ರ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ವಿಂಡೋಸ್‌ಗೆ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ. ಲಿನಕ್ಸ್ ಸರ್ವರ್‌ಗೆ ಅವು ಬೇರೆ ಬೇರೆ. ಒಂದು ಅಕ್ಷರ ದೊಡ್ಡದಾದರೆ ಹಳೆಯ ಫೈಲು ಹಾಗೇ ಉಳಿದು, ಪಕ್ಕದಲ್ಲಿ ಹೊಸದೊಂದು ಹುಟ್ಟಿಕೊಳ್ಳುತ್ತದೆ. ಜನರಿಗೆ ಕಾಣುವುದು ಹಳೆಯದೇ.

ಕಳಿಸುವ ಕೆಲಸ ಸುಲಭ. ಫೈಲು ಕಳಿಸುವ ಪ್ರೋಗ್ರಾಂಗಳಾದ ಫೈಲ್‌ಝಿಲ್ಲಾ ಅಥವಾ ವಿನ್‌ಎಸ್‌ಸಿಪಿ ತೆರೆದರೆ ಎಡಗಡೆ ನಿಮ್ಮ ಕಂಪ್ಯೂಟರ್, ಬಲಗಡೆ ಸರ್ವರ್. ಎರಡೂ ಕಡೆ ಅದೇ ಫೋಲ್ಡರಿಗೆ ಹೋಗಿ, ಫೈಲನ್ನು ಎಡದಿಂದ ಬಲಕ್ಕೆ ಎಳೆದು ಬಿಡಿ. ಹಳೆಯದರ ಮೇಲೆ ಬರೆಯಲೇ ಎಂದು ಕೇಳುತ್ತದೆ, ಹೂಂ ಅನ್ನಿ. ಮಾಮೂಲಿ ಪುಟವೊಂದು ಹತ್ತಾರು ಕಿಲೋಬೈಟ್ ಇರಬಹುದು, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ನಿಮ್ಮ ಗಂಟೆಗಳನ್ನು ತಿನ್ನುತ್ತಿರುವುದು ಫೋಟೋಗಳು. ಫೋನಿನಲ್ಲಿ ತೆಗೆದದ್ದನ್ನು ಹಾಗೇ ಹಾಕಿದರೆ ಒಂದೊಂದೂ ಮೂರು ನಾಲ್ಕು ಎಂಬಿ ಆಗುತ್ತದೆ. ಅವು ಬದಲಾಗದೇ ಇದ್ದರೂ ಪ್ರತಿ ಸಲ ಹೋಗುತ್ತಿವೆ, ಅಲ್ವಾ?

ಕನೆಕ್ಟ್ ಆಗುವಾಗ ಫೈಲು ಕಳಿಸುವ ಹಳೆಯ ವಿಧಾನವಾದ ಎಫ್‌ಟಿಪಿ ಬದಲು, ಎಲ್ಲವನ್ನೂ ಗುಟ್ಟಾಗಿ ಕಳಿಸುವ ಎಸ್‌ಎಫ್‌ಟಿಪಿ ಆರಿಸಿಕೊಳ್ಳಿ. ಎಫ್‌ಟಿಪಿಯ ಮೊದಲ ರೂಪವನ್ನು 1971ರಲ್ಲಿ ಬರೆದವರು ಭಾರತದಿಂದ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯಕ್ಕೆ ಹೋಗಿದ್ದ ಅಭಯ್ ಭೂಷಣ್. ಕಂಪ್ಯೂಟರುಗಳ ಜಾಲವೇ ಬೆರಳೆಣಿಕೆಯಷ್ಟಿದ್ದ ಕಾಲ ಅದು. ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಮರೆಯಿಲ್ಲದೆ ಹೋಗುತ್ತದೆ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ 2021ರಲ್ಲಿ ಎಫ್‌ಟಿಪಿಯನ್ನು ಕೈಬಿಟ್ಟವು.

ಈಗ ಕಷ್ಟದ ಭಾಗ. ಯಾವ ಯಾವ ಫೈಲು ಬದಲಾಗಿದೆ ಎಂದು ತಿಳಿಯುವುದು ಹೇಗೆ? ಒಂದು ಪುಟ ತಿದ್ದಿದೆ ಅಂದುಕೊಂಡಿರುತ್ತೀರಿ. ಆದರೆ ಅದಕ್ಕೊಂದು ಹೊಸ ಚಿತ್ರ ಸೇರಿಸಿರುತ್ತೀರಿ, ಬಣ್ಣ ಸರಿಮಾಡಲು, ಪುಟಗಳ ಅಂದಚಂದ ಬರೆದಿಟ್ಟಿರುವ ಸಿಎಸ್‌ಎಸ್ ಫೈಲನ್ನೂ ಮುಟ್ಟಿರುತ್ತೀರಿ. ಪುಟ ಹೋಯಿತು, ಚಿತ್ರ ಇಲ್ಲೇ ಉಳಿಯಿತು. ಹೀಗಾಗಬಾರದು ಅಂದರೆ ನೆನಪನ್ನು ನಂಬಬೇಡಿ, ಹೋಲಿಸಿ ನೋಡುವ ಕೆಲಸವನ್ನು ಯಂತ್ರಕ್ಕೇ ಬಿಡಿ. ಫೈಲ್‌ಝಿಲ್ಲಾದ ವ್ಯೂ ಮೆನುವಿನಲ್ಲಿ ಡೈರೆಕ್ಟರಿ ಕಂಪ್ಯಾರಿಸನ್ ಇದೆ. ಅದನ್ನು ಹಾಕಿದರೆ ಒಂದೇ ಕಡೆ ಇರುವ ಫೈಲು ಹಳದಿಯಾಗಿ, ಹೊಸದಾದದ್ದು ಹಸಿರಾಗಿ ಕಾಣುತ್ತದೆ. ಒಂದೇ ರೀತಿ ಇರುವುದನ್ನು ಮರೆಮಾಡಬಹುದು, ಎಡಗಡೆ ಹಳದಿ ಅಥವಾ ಹಸಿರಾಗಿ ಕಾಣುವುದೇ ಕಳಿಸಬೇಕಾದದ್ದು.

ಅಲ್ಲಿ ಎರಡು ಆಯ್ಕೆ ಇವೆ: ಗಾತ್ರ ನೋಡಿ ಹೋಲಿಸು, ಸಮಯ ನೋಡಿ ಹೋಲಿಸು. ನೀವು ಸಮಯವನ್ನೇ ಆರಿಸಬೇಕು. ಯಾಕೆ ಗೊತ್ತಾ? ಹತ್ತಂಕಿಯ ಫೋನ್ ನಂಬರ್ ತೆಗೆದು ಇನ್ನೊಂದು ಹತ್ತಂಕಿಯ ನಂಬರ್ ಹಾಕಿದರೆ ಫೈಲಿನ ಗಾತ್ರ ಒಂದು ಬೈಟ್ ಕೂಡ ಬದಲಾಗುವುದಿಲ್ಲ. ಗಾತ್ರ ನೋಡುವ ಹೋಲಿಕೆ ಏನೂ ಬದಲಾಗಿಲ್ಲ ಅಂದುಬಿಡುತ್ತದೆ. ನಿಮ್ಮ ಉದಾಹರಣೆಯೇ ಅದಕ್ಕೆ ಸಿಕ್ಕಿಬೀಳುತ್ತದೆ!

ಕಮಾಂಡ್ ಬರೆಯಲು ಹೆದರದವರಿಗೆ ನಾನು ಯಾವಾಗಲೂ ಹೇಳುವುದು ಆರ್‌ಸಿಂಕ್ ಎಂಬ ಪ್ರೋಗ್ರಾಂ. ಹೋಸ್ಟಿಂಗ್‌ನವರು (ಸರ್ವರ್ ಒದಗಿಸುವವರು) ಎಸ್‌ಎಸ್‌ಎಚ್, ಅಂದರೆ ದೂರದಿಂದ ಸರ್ವರ್‌ಗೆ ಕಮಾಂಡ್ ಕೊಡುವ ಸುರಕ್ಷಿತ ದಾರಿ, ಕೊಟ್ಟಿದ್ದು, ಸರ್ವರ್‌ನಲ್ಲೂ ಆರ್‌ಸಿಂಕ್ ಇದ್ದರೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಆಂಡ್ರೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಸ್ 1996ರಲ್ಲಿ ಇದನ್ನು ಹೊರತಂದರು. ಇದು ಗಾತ್ರ, ಸಮಯ ಎರಡನ್ನೂ ನೋಡಿ ಬದಲಾದ ಫೈಲನ್ನು ಹುಡುಕುತ್ತದೆ. ಆಮೇಲೆ ಆ ಫೈಲಿನಲ್ಲೂ ಬದಲಾದ ತುಂಡುಗಳನ್ನಷ್ಟೇ ಕಳಿಸುತ್ತದೆ. ಹೊಸ ಪುಟವನ್ನು ತಾತ್ಕಾಲಿಕ ಹೆಸರಿನಲ್ಲಿ ಪೂರ್ತಿ ಜೋಡಿಸಿ, ಕೊನೆಗೆ ನಿಜವಾದ ಹೆಸರು ಕೊಡುತ್ತದೆ. ಹಾಗಾಗಿ ನಡುವೆ ಇಂಟರ್ನೆಟ್ ಹೋದರೂ ಓದುವವರಿಗೆ ಅರ್ಧ ಪುಟ ಕಾಣುವುದಿಲ್ಲ. ಮೊದಲು ಡ್ರೈ ರನ್ ಮಾಡಿ. ಏನೇನು ಕಳಿಸುತ್ತೇನೆ ಎಂದು ಪಟ್ಟಿ ತೋರಿಸುತ್ತದೆ, ಏನನ್ನೂ ಮುಟ್ಟುವುದಿಲ್ಲ. ಆ ಪಟ್ಟಿ ಓದದೆ ಡಿಲೀಟ್ ಆಯ್ಕೆ ಹಾಕಲೇಬೇಡಿ. ನಿಮ್ಮಲ್ಲಿಲ್ಲದ ಫೈಲುಗಳನ್ನೆಲ್ಲ ಅದು ಸರ್ವರ್‌ನಿಂದ ಅಳಿಸಿಹಾಕುತ್ತದೆ.

ಇನ್ನೊಂದು ಮಾತು. ಆ ಫೋನ್ ನಂಬರ್ ಪ್ರತಿ ಪುಟದ ಅಡಿಯಲ್ಲೂ ಇದೆಯೇ? ಇದ್ದರೆ ಅರವತ್ತು ಪುಟವನ್ನೂ ತಿದ್ದಿ ಕಳಿಸಲೇಬೇಕು. ಅಂಥ ಭಾಗವನ್ನು ಬೇರೆ ಫೈಲ್ ಮಾಡಿ, ಪ್ರತಿ ಪುಟದಲ್ಲೂ ಪಿಎಚ್‌ಪಿ (ಸರ್ವರ್‌ನಲ್ಲಿ ಪುಟ ಜೋಡಿಸುವ ಭಾಷೆ) ಇನ್‌ಕ್ಲೂಡ್‌ನಿಂದ ಅದನ್ನು ಕರೆಯಿರಿ. ಪುಟಗಳ ಹೆಸರಿನ ಕೊನೆ .html ನಿಂದ .php ಗೆ ಬದಲಾಗುವುದರಿಂದ ಆ ಒಂದು ಸಲ ಲಿಂಕುಗಳನ್ನೂ ತಿದ್ದಬೇಕಾಗುತ್ತದೆ, ಒಂದು ದಿನದ ಕೆಲಸ ಜಾಸ್ತಿ ಬೀಳುತ್ತದೆ. ಮುಂದೆ ಒಂದು ಫೈಲ್ ತಿದ್ದಿದರೆ ಸಾಕು.

ಪ್ರಶ್ನೆ: ಹೊಸ ಪುಟ ಕಳಿಸಿದ ಮೇಲೂ ನನ್ನ ಬ್ರೌಸರಿನಲ್ಲಿ ಹಳೆಯದೇ ಕಾಣುತ್ತದೆ. ಏನು ಮಾಡಲಿ?

ಉತ್ತರ: ಅದು ಬ್ರೌಸರ್ ತನ್ನಲ್ಲಿ ಇಟ್ಟುಕೊಂಡ ಹಳೆಯ ಪ್ರತಿ. ಕಂಟ್ರೋಲ್, ಶಿಫ್ಟ್ ಮತ್ತು ಆರ್ ಒಟ್ಟಿಗೆ ಒತ್ತಿ. ನಿಮಗೆ ಸರಿಹೋಗುತ್ತದೆ, ಆದರೆ ಓದುಗರು ಹಾಗೆ ಒತ್ತುವುದಿಲ್ಲವಲ್ಲ. ಸಿಎಸ್‌ಎಸ್ ಅಥವಾ ಚಿತ್ರ ಬದಲಾದಾಗ ಅದಕ್ಕೆ ಹೊಸ ಹೆಸರು ಕೊಟ್ಟು, ಪುಟದಲ್ಲೂ ಅದೇ ಹೆಸರು ಬರೆಯಿರಿ. ಹೊಸ ಹೆಸರು ಕಂಡರೆ ಬ್ರೌಸರ್ ಹೊಸದಾಗಿಯೇ ತರುತ್ತದೆ.

ಪ್ರಶ್ನೆ: ಸರ್ವರ್‌ನಲ್ಲೇ ಫೈಲ್ ತೆರೆದು ತಿದ್ದಿದರೆ ಆಗದೇ? ಅಪ್‌ಲೋಡ್ ಗೋಜೇ ಇಲ್ಲವಲ್ಲ.

ಉತ್ತರ: ಆಗುತ್ತದೆ. ಹೋಸ್ಟಿಂಗ್ ಪ್ಯಾನೆಲಿನ ಫೈಲ್ ಮ್ಯಾನೇಜರಿನಲ್ಲಿ ಎರಡು ನಿಮಿಷದ ಕೆಲಸ. ಆದರೂ ನಾನು ಬೇಡ ಅನ್ನುತ್ತೇನೆ. ಅಲ್ಲಿ ತಿದ್ದಿದ್ದು ನಿಮ್ಮ ಕಂಪ್ಯೂಟರಿಗೆ ಬರುವುದಿಲ್ಲ. ಮುಂದಿನ ತಿಂಗಳು ಇಲ್ಲಿನ ಹಳೆಯ ಫೈಲಿನಲ್ಲಿ ಬೇರೇನೋ ತಿದ್ದಿ ಕಳಿಸುತ್ತೀರಿ. ಅಲ್ಲಿನ ತಿದ್ದುಪಡಿ ಹೇಳದೆ ಕೇಳದೆ ಅಳಿಸಿಹೋಗುತ್ತದೆ. ನಿಮ್ಮ ಕಂಪ್ಯೂಟರಿನ ಪ್ರತಿಯೇ ಮೂಲ, ಸರ್ವರ್‌ನಲ್ಲಿ ಇರುವುದು ಅದರ ನಕಲು ಎಂದು ಇಟ್ಟುಕೊಳ್ಳಿ. ತುರ್ತಿಗೆ ಅಲ್ಲೇ ತಿದ್ದಲೇಬೇಕಾಗಿ ಬಂದರೆ, ಬೇರೆ ಕೆಲಸ ಹಿಡಿಯುವ ಮೊದಲೇ ಆ ಫೈಲನ್ನು ನಿಮ್ಮ ಫೋಲ್ಡರಿಗೆ ಇಳಿಸಿಕೊಳ್ಳಿ.