ಹೊಸ ಕಟ್ಟಡ ಎಣಿಸಬೇಡಿ, ಹಳೆಯ ಲಿಫ್ಟಿನ ವಯಸ್ಸು ಕೇಳಿ

ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಪ್ರದೇಶದಲ್ಲಿ ಲಿಫ್ಟ್ ನಿರ್ವಹಣೆಯ ಸಂಸ್ಥೆ ತೆರೆಯಬೇಕೆಂದಿದ್ದೇನೆ. ಏಳುತ್ತಿರುವ ಹೊಸ ಕಟ್ಟಡಗಳನ್ನೆಲ್ಲ ಪಟ್ಟಿ ಮಾಡಿದ್ದೇನೆ. ಬೇಡಿಕೆ ತಿಳಿಯಲು ಇಷ್ಟು ಸಾಕೇ? ಮೊದಲಿಗೆ ಯಾವ ಬಿಡಿಭಾಗ ಇಟ್ಟುಕೊಳ್ಳಲಿ?"

ಸಾಲದು. ಆ ಪಟ್ಟಿ ಬೇಕಾಗುವುದು ಲಿಫ್ಟ್ ಮಾರುವವರಿಗೆ. ವಾರಂಟಿ ಮುಗಿಯುವವರೆಗೆ ಹೊಸ ಲಿಫ್ಟಿನ ಕೆಲಸ ಸಾಮಾನ್ಯವಾಗಿ ಅದನ್ನು ಕೂರಿಸಿದವರ ಕೈಯಲ್ಲೇ ಇರುತ್ತದೆ. ನೀವು ಈಗಾಗಲೇ ಓಡುತ್ತಿರುವ ಲಿಫ್ಟ್‌ಗಳನ್ನು ನೋಡಿ. ಕೂರಿಸಿದ ವರ್ಷ, ಮಹಡಿಗಳ ಸಂಖ್ಯೆ, ಬಾಗಿಲು ಕೈಯಿಂದ ತೆರೆಯುವುದೋ ತಾನಾಗಿಯೋ, ಕಂಟ್ರೋಲರ್ (ಲಿಫ್ಟಿನ ಓಡಾಟ ನಿಯಂತ್ರಿಸುವ ವಿದ್ಯುತ್ ಪೆಟ್ಟಿಗೆ) ಯಾವುದು, ಇಷ್ಟನ್ನು ಕಟ್ಟಡವಾರು ಬರೆದುಕೊಳ್ಳಿ. ಹದಿನೈದು ವರ್ಷ ದಾಟಿದವು ಹೆಚ್ಚಿದ್ದರೆ ರಿಪೇರಿಯ ಜೊತೆಗೆ ಕಂಟ್ರೋಲರ್, ಡೋರ್ ಮೋಟಾರ್ ಬದಲಿಸುವ ದೊಡ್ಡ ಕೆಲಸಗಳೂ ಬರುತ್ತವೆ.

ಬೇಡಿಕೆಯನ್ನು ಶಿಫಾರಸು, ನಿಯಮಗಳೂ ಹುಟ್ಟಿಸುತ್ತವೆ. ಯುರೋಪಿನಲ್ಲಿ ಹಳೆಯ ಲಿಫ್ಟ್‌ಗಳು ಬಹಳ; ಅವುಗಳ ಸುರಕ್ಷತೆ ಸುಧಾರಿಸುವಂತೆ 1995ರಲ್ಲೇ ಶಿಫಾರಸು ಹೊರಟಿತ್ತು. ಚೀನಾದ 2017ರ ನಿಯಮದ ಪ್ರಕಾರ, ಯಾರಾದರೂ ಲಿಫ್ಟಿನಲ್ಲಿ ಸಿಕ್ಕಿಕೊಂಡರೆ ನಿರ್ವಹಣೆಯವರು ದೊಡ್ಡ ನಗರಗಳಲ್ಲಿ 30 ನಿಮಿಷದೊಳಗೆ ಬರಬೇಕು, ಉಳಿದೆಡೆ ಸಾಮಾನ್ಯವಾಗಿ ಒಂದು ಗಂಟೆಯೊಳಗೆ. ಹಾಗಾಗಿ ಲಿಫ್ಟ್‌ಗಳ ಸಂಖ್ಯೆಯಷ್ಟೇ ಅವುಗಳ ನಡುವಿನ ದೂರವೂ ಮುಖ್ಯ. ಒಂದೇ ಬಡಾವಣೆಯ ಮೂವತ್ತು ಲಿಫ್ಟ್‌ಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್‌ಗೆ ಹತ್ತು ಊರುಗಳಲ್ಲಿ ಚೆದುರಿದ ಮೂವತ್ತನ್ನು ನೋಡಿಕೊಳ್ಳಲಾಗದು. ದಿನದ ಅರ್ಧ ದಾರಿಯಲ್ಲೇ ಕಳೆದುಹೋಗುತ್ತದೆ, ತುರ್ತು ಕರೆ ಬಂದಾಗ ತಲುಪಲೂ ಆಗುವುದಿಲ್ಲ. ಮೊದಲ ವರ್ಷ ಒಂದು ಗಂಟೆಯೊಳಗೆ ತಲುಪಬಲ್ಲ ಕಟ್ಟಡಗಳನ್ನಷ್ಟೇ ಒಪ್ಪಿಕೊಳ್ಳಿ. ದೂರದ ಗಿರಾಕಿಗೆ ಇಲ್ಲ ಎನ್ನುವುದು ಕಷ್ಟ, ಆದರೂ ಹೇಳಲೇಬೇಕು.

ಇನ್ನು ಬಿಡಿಭಾಗ. ನಿಮಗೆ ಬರುವ ಕರೆಗಳಲ್ಲಿ ಹೆಚ್ಚಿನವು ಬಾಗಿಲಿನವೇ ಆಗಿರುತ್ತವೆ. ಬಾಗಿಲು ಮುಚ್ಚಿ ಲಾಕ್ ಬಿದ್ದಿದೆಯೆಂದು ತಿಳಿಸುವ ಸ್ವಿಚ್ಚೇ ಕಾಂಟ್ಯಾಕ್ಟ್. ಎಲ್ಲ ಮಹಡಿಗಳ ಡೋರ್ ಲಾಕ್ ಕಾಂಟ್ಯಾಕ್ಟ್‌ಗಳೂ ಒಂದೇ ಸರಣಿಯಲ್ಲಿರುತ್ತವೆ; ಯಾವುದೋ ಒಂದು ಮಹಡಿಯಲ್ಲಿ ಕಾಂಟ್ಯಾಕ್ಟ್ ಕೂಡದಿದ್ದರೂ ಇಡೀ ಲಿಫ್ಟ್ ನಿಲ್ಲುತ್ತದೆ. ಬಾಗಿಲು ಜಾರುವ ಹೊಸ್ತಿಲ ತೋಡಿನಲ್ಲಿ ಒಂದು ಕಲ್ಲಿನ ಚೂರು ಕೂತರೆ ಬಾಗಿಲು ಕೊನೆಯ ಕೆಲವು ಮಿಲಿಮೀಟರ್ ಮುಚ್ಚುವುದಿಲ್ಲ, ಲಾಕಿನ ಕೊಕ್ಕೆ ಪೂರ್ತಿ ಬೀಳುವುದಿಲ್ಲ. ಇದನ್ನು ನೋಡದೆ ಕಂಟ್ರೋಲರಿನ ಬೋರ್ಡ್ ಕೆಟ್ಟಿದೆಯೆಂದು ಬದಲಿಸಿದರೆ ಹಣ ದಂಡ, ದೋಷ ಹಾಗೇ ಉಳಿಯುತ್ತದೆ. ಮೊದಲು ತೋಡು ಗುಡಿಸಿ, ಆಮೇಲೆ ಹ್ಯಾಂಗರ್ ರೋಲರ್ (ಬಾಗಿಲು ತೂಗಿ ಉರುಳುವ ಚಕ್ರ) ಸವೆದಿದೆಯೇ ನೋಡಿ, ನಂತರ ಕಾಂಟ್ಯಾಕ್ಟ್ ಪರೀಕ್ಷಿಸಿ. ಪರೀಕ್ಷೆಗೆಂದು ಲಾಕ್ ಸರ್ಕ್ಯೂಟಿಗೆ ಜಂಪರ್ (ಕಾಂಟ್ಯಾಕ್ಟನ್ನು ಬಳಸಿಹೋಗುವ ತುಂಡು ತಂತಿ) ಹಾಕಿ ತೆಗೆಯಲು ಮರೆತರೆ ಬಾಗಿಲು ತೆರೆದೇ ಲಿಫ್ಟ್ ಹೊರಡಬಹುದು. ಜನ ಸತ್ತಿದ್ದಾರೆ. ಪ್ರತಿ ಜಂಪರ್‌ಗೂ ಉದ್ದನೆಯ ಕೆಂಪು ಪಟ್ಟಿ ಕಟ್ಟಿಡಿ, ಹೊರಡುವ ಮುನ್ನ ಎಣಿಸಿ.

ಆದ್ದರಿಂದ ಹ್ಯಾಂಗರ್ ರೋಲರ್, ಡೋರ್ ಶೂ (ತೋಡಿನಲ್ಲಿ ಜಾರುವ ಬಾಗಿಲಿನ ಕೆಳತುದಿಯ ತುಂಡು), ಲಾಕ್ ಕಾಂಟ್ಯಾಕ್ಟ್, ಡೋರ್ ಮೋಟಾರಿನ ಬೆಲ್ಟ್, ಗೈಡ್ ಶೂ ಲೈನರ್ (ಲಿಫ್ಟನ್ನು ಹಳಿಗೆ ಹಿಡಿದಿಡುವ ಶೂಗಳ ಒಳಪದರ), ಪುಶ್ ಬಟನ್, ಕರೆಂಟ್ ಹೋದಾಗ ಹತ್ತಿರದ ಮಹಡಿಗೆ ತಲುಪಿಸುವ ಸಾಧನದ ಬ್ಯಾಟರಿ ಇವು ಕೈಯಲ್ಲಿರಲಿ. ರೋಪ್ ತಂದು ಗೋದಾಮಿನಲ್ಲಿ ತುಂಬಬೇಡಿ. ಅದರ ವ್ಯಾಸ ಅದು ಹಾದುಹೋಗುವ ರಾಟೆಯಾದ ಶೀವ್‌ನ ತೋಡಿಗೆ ಹೊಂದಬೇಕು, ಲಿಫ್ಟಿನಿಂದ ಲಿಫ್ಟಿಗೆ ಅದು ಬೇರೆ. ಜೊತೆಗೆ, ಒಂದು ರೋಪ್ ಸವೆದರೂ ಇಡೀ ಸೆಟ್ಟನ್ನೇ ಬದಲಿಸಬೇಕು: ಹೊಸದೂ ಹಳೆಯದೂ ಒಂದೇ ಸಮ ಹಿಗ್ಗುವುದಿಲ್ಲ, ಎಳೆತ ಕೆಲವೇ ರೋಪ್‌ಗಳ ಮೇಲೆ ಬೀಳುತ್ತದೆ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕಂಟ್ರೋಲರ್‌ನ ಪಾಸ್‌ವರ್ಡ್, ಸರ್ವಿಸ್ ಟೂಲ್, ವೈರಿಂಗ್ ನಕ್ಷೆ ಕಟ್ಟಡದವರ ಬಳಿ ಇವೆಯೇ ಎಂದು ಕೇಳಿ. ತಯಾರಕರಿಗಷ್ಟೇ ತೆರೆಯುವ ಕಂಟ್ರೋಲರ್ ಇದ್ದರೆ ದೋಷದ ಕೋಡ್ ಓದಲೂ ನಿಮಗೆ ಆಗದಿರಬಹುದು. ಅಂಥ ಲಿಫ್ಟನ್ನು ನಿಮ್ಮ ಬೇಡಿಕೆಯ ಲೆಕ್ಕದಿಂದ ಸದ್ಯಕ್ಕೆ ಹೊರಗಿಡಿ. ಮಾಲೀಕರು ಕಂಟ್ರೋಲರ್ ಬದಲಿಸಲು ಒಪ್ಪಿದ ದಿನ ಸೇರಿಸಿಕೊಳ್ಳಿ.

— ಸಂಪಾದಕ